ಒಸಾಕಾ ಕೋಟೆ: 1200 ಯೆನ್‌ಗೆ ಏನೇನು ಸಿಗುತ್ತದೆ?

ಹದಿನಾರನೇ ಶತಮಾನದಲ್ಲಿ ಜಪಾನನ್ನು ಒಗ್ಗೂಡಿಸಿದ ಸೇನಾನಿ ಟೊಯೊಟೊಮಿ ಹಿದೆಯೊಶಿ ಬಾಳಿದ ಗೋಪುರ ಎಂದುಕೊಂಡು ಹೋದರೆ ನಿರಾಸೆ ಖಂಡಿತ. ಈಗಿರುವುದು 1931ರ ಕಾಂಕ್ರೀಟ್ ಕಟ್ಟಡ; ಒಳಗೆ ಲಿಫ್ಟ್, ಎಂಟು ಮಹಡಿ ವಸ್ತುಸಂಗ್ರಹಾಲಯ. ಹಳೆಯ ಮರದ ಒಳಾಂಗಣವೇ ಬೇಕಿದ್ದರೆ ಹಿಮೇಜಿ ಕೋಟೆಗೆ ಹೋಗಿ.

ದೊಡ್ಡವರ ಟಿಕೆಟ್ 2025ರ ಏಪ್ರಿಲ್‌ನಲ್ಲಿ 600ರಿಂದ 1200 ಯೆನ್‌ಗೆ ಏರಿತು. ಗೊಣಗುವ ಮುನ್ನ ಅದೇ ಟಿಕೆಟ್‌ನಲ್ಲಿ ಸಿಗುವ ಟೊಯೊಟೊಮಿ ಕಲ್ಲುಗೋಡೆ ಸಂಗ್ರಹಾಲಯಕ್ಕೆ ಇಳಿಯಿರಿ. ಹಿದೆಯೊಶಿ 1583ರಲ್ಲಿ ಶುರುಮಾಡಿದ ಕೋಟೆಯ ಗೋಡೆ ಕಾಣುವುದು ಇಲ್ಲಿ, ನೆಲದಡಿಯಲ್ಲಿ. 1615ರಲ್ಲಿ ಅವನ ಮಗ ಹಿದೆಯೊರಿಯನ್ನು ಮುಗಿಸಿದ ಎದುರಾಳಿ ತೊಕುಗಾವಾ ಮನೆತನ ಹಳೆಯ ಕೋಟೆಯ ಮೇಲೆ ಮಣ್ಣು ಸುರಿದು ತನ್ನದನ್ನು ಎಬ್ಬಿಸಿತು. ಕೆಳಗಿನದು ಉಳಿ ಮುಟ್ಟದ ಒರಟು ಕಲ್ಲು, ಸಂದಿಗೆ ಚಿಕ್ಕ ಕಲ್ಲು ತುರುಕಿದ್ದಾರೆ. ಮೇಲಿನದು ನಯವಾಗಿ ಕಡಿದು ಕೂರಿಸಿದ್ದು. ಸಕುರಾ ಬಾಗಿಲ ಒಳಗಿನ ನೂರು ಟನ್ ಮೀರಿದ ‘ಆಕ್ಟೋಪಸ್ ಕಲ್ಲು’ ಕೂಡ ತೊಕುಗಾವಾ ಮನೆತನದ್ದೇ. ಎರಡನ್ನೂ ಒಂದೇ ದಿನ ನೋಡಿದರೆ ಯಾರು ಯಾರನ್ನು ಹೂತರು ಎಂಬುದಕ್ಕೆ ಫಲಕ ಬೇಕಾಗುವುದಿಲ್ಲ.

ಗೋಪುರದಲ್ಲಿ ಲಿಫ್ಟ್ ಐದನೇ ಮಹಡಿವರೆಗೆ. ಅಲ್ಲಿಂದ ಮೆಟ್ಟಿಲು ಹತ್ತಿ ಎಂಟಕ್ಕೆ ಹೋಗಿ, ನೋಡುತ್ತ ಇಳಿಯುವುದೇ ಸರಿ. ಏಳನೇ ಮಹಡಿಯ ಪುಟ್ಟ ಮಾದರಿಗಳಲ್ಲಿ ಹಿದೆಯೊಶಿಯ ಬದುಕಿದೆ, ಆದರೆ ಹಿನ್ನೆಲೆ ಗೊತ್ತಿಲ್ಲದೆ ನೋಡಿದರೆ ಅದು ಗೊಂಬೆಯಾಟ. ಇಷ್ಟು ನೆನಪಿರಲಿ: ಹುಟ್ಟಿನಲ್ಲಿ ಕುಲೀನನಲ್ಲದ ಅವನು ಶೋಗನ್, ಅಂದರೆ ದೇಶವಾಳುವ ಮಹಾಸೇನಾಪತಿ, ಆಗಲಿಲ್ಲ; ಕುಲೀನ ಕೊನೊಯೆ ಮನೆತನಕ್ಕೆ ದತ್ತು ಹೋಗಿ 1585ರಲ್ಲಿ ‘ಕಂಪಾಕು’ ಎಂಬ ರಾಜಪ್ರತಿನಿಧಿ ಪದವಿ ಹಿಡಿದ. 1588ರಲ್ಲಿ ರೈತರ ಕತ್ತಿ ಕಸಿದ. ಕೊಟ್ಟ ನೆಪ, ಬುದ್ಧನ ಮಹಾಮಂದಿರಕ್ಕೆ ಮೊಳೆ ಬೇಕು ಎಂಬುದು! ಗದ್ದೆಗಳನ್ನು ಅಳೆಸಿ ಇಳುವರಿಯನ್ನು ‘ಕೊಕು’ವಿನಲ್ಲಿ ಬರೆಸಿದ. ಒಂದು ಕೊಕು ಅಂದರೆ ಸುಮಾರು 180 ಲೀಟರ್ ಅಕ್ಕಿ. ಕಂದಾಯವಷ್ಟೇ ಅಲ್ಲ, ಸಾಮಂತನೊಬ್ಬ ಯುದ್ಧಕ್ಕೆ ಎಷ್ಟು ಜನ ತರಬೇಕೆಂಬುದೂ ಇದರ ಮೇಲೇ ನಿಂತಿತು.

ಐದನೇ ಮಹಡಿಯಲ್ಲಿ ಹಿದೆಯೊರಿ ಸೋತ 1615ರ ‘ಬೇಸಿಗೆ ಯುದ್ಧ’ದ ಮಡಿಸುವ ಚಿತ್ರತೆರೆಯ ವಿವರಗಳಿವೆ. ಬಲಭಾಗದ ಕಾಳಗಕ್ಕಿಂತ ಎಡಭಾಗದಲ್ಲಿ ಓಡುತ್ತಿರುವ, ಸುಲಿಗೆಗೆ ಸಿಕ್ಕ ಊರ ಜನರ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಮೂರು, ನಾಲ್ಕನೇ ಮಹಡಿಗಳಲ್ಲಿ ಫೋಟೊ ನಿಷಿದ್ಧ. ಎರಡನೇ ಮಹಡಿಯಲ್ಲಿ ದುಡ್ಡು ಕೊಟ್ಟು ಶಿರಸ್ತ್ರಾಣ ಹಾಕಿಕೊಳ್ಳುವ ಆಟ ಮಕ್ಕಳಿದ್ದರೆ ಮಾತ್ರ.

ಮೂರನೇ ಮಹಡಿಯ ಚಿನ್ನದ ಚಹಾ ಕೋಣೆ ನಕಲು, ಆದರೂ ಬಿಡಬೇಡಿ. ಬಿಚ್ಚಿ ಸಾಗಿಸಬಹುದಾಗಿದ್ದ ಅದರ ಅಸಲನ್ನು ಹಿದೆಯೊಶಿ 1586ರಲ್ಲಿ ಕ್ಯೋಟೊ ಅರಮನೆಗೇ ಹೊರಿಸಿಕೊಂಡು ಹೋಗಿ, ಚಕ್ರವರ್ತಿಗೆ ಅದರೊಳಗೆ ಚಹಾ ಕೊಟ್ಟಿದ್ದ.