ಆನ್‌ಲೈನ್ ಶಾಪಿಂಗ್ ಆ್ಯಪ್: ಬಟ್ಟಿಗೆ ಚಲೋ ಅದ, ಚಾರ್ಜರ್‌ಗೆ ಬ್ಯಾಡ್ರಿ

ಲಾಕ್‌ಡೌನ್ ಟೈಮಿನಿಂದ ಇದೇ ಆ್ಯಪ್‌ನಾಗ ಸಾಮಾನ ತರಸ್ಲತ್ತೀನಿ, ನಮ್ಮನಿ ಕಲಬುರಗಿ ಸೇಡಂ ರೋಡ್ ಕಡಿ. ಬಟ್ಟಿ, ಚಪ್ಪಲ್, ಮಕ್ಕಳ ಪುಸ್ತಕ ಇವಕ್ಕ ಏನೂ ತಕರಾರಿಲ್ಲ, ಸೈಜ್ ಸರಿ ಆಗಲಿಲ್ಲಂದ್ರ ಎಕ್ಸ್‌ಚೇಂಜ್ ಒತ್ತಿದ್ರ ಆತು, ಹುಡುಗ ಮನಿಗೇ ಬಂದು ಒಯ್ತಾನ. ಮೇ ತಿಂಗಳ ಬಿಸಲಾಗ ಮಧ್ಯಾಹ್ನ ಅಷ್ಟ ದೊಡ್ಡ ಬ್ಯಾಗ್ ಹೊತ್ಕೊಂಡು ಮನಿ ಮನಿ ತಿರಗೋ ಆ ಹುಡುಗರ ಮ್ಯಾಲ ನಂದು ಒಂದೂ ಕಂಪ್ಲೇಂಟ್ ಇಲ್ಲ.

ನನ್ನ ಸಿಟ್ಟೆಲ್ಲ ಡೂಪ್ಲಿಕೇಟ್ ಮಾಲ್ ಮ್ಯಾಲ. ಹೆಸರಿರೋ ಕಂಪನಿದು ಮೊಬೈಲ್ ಚಾರ್ಜರ್ ತರಿಸಿದ್ದೆ. ಕೈಯಾಗ ಹಿಡದ್ರ ವಜ್ಜಾನೇ ಇಲ್ಲ, ಸಾಕೆಟ್‌ನಾಗ ಪಿನ್ ಲಟಪಟ ಅಲ್ಲಾಡ್ತದ, ಹಿಂದಿನ ಸಣ್ಣ ಅಕ್ಷರ ಉಗುರಿಲೆ ಕೆರದ್ರ ಅಳಸೇ ಹೋಗ್ತದ. ಚಾರ್ಜರ್ ಮ್ಯಾಲ ಬಿಐಎಸ್ (ಮಾಲಿನ ಗುಣಮಟ್ಟ ನೋಡೋ ಸರ್ಕಾರಿ ಸಂಸ್ಥೆ) ಮಾರ್ಕ್ ಹತ್ರ ಆರ್ ಅಂತ ಶುರುವಾಗೋ ನಂಬರ್ ಇರ್ತದ ನೋಡ್ರಿ, ಅದನ್ನ ಬಿಐಎಸ್ ಕೇರ್ ಆ್ಯಪ್‌ನಾಗ ಹಾಕಿ ನೋಡಿದ್ರ ಯಾವ್ದೋ ಎಲ್‌ಇಡಿ ಬಲ್ಬಿಂದು ಬಂತು! ನಮ್ಮ ಕಡಿ ವೋಲ್ಟೇಜ್ ಏರಿಳಿತ ಮೊದಲೇ ಭಾಳ, ಇಂಥಾದ್ದು ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ರ ಏನ್ ಗತಿ ಹೇಳ್ರಿ.

ಕಸ್ಟಮರ್ ಕೇರ್ ಚಾಟ್‌ನಾಗ ಮೊದಲ ಬಾಟ್, ಆಮ್ಯಾಲ ಮನುಷ್ಯಾರು, ಒಬ್ಬೊಬ್ಬರು ಬಂದಂಗ ಮತ್ತ ಮೊದಲಿಂದ ಫೋಟೋ ಕಳಸ್ರಿ ಅಂತಾರ, ಕೊನಿಗಿ ಈ ಐಟಂಗೆ ರಿಟರ್ನ್ ಇಲ್ಲ ಬರೇ ರಿಪ್ಲೇಸ್‌ಮೆಂಟ್ ಅಂದ್ರು. ಅದೇ ಸೆಲ್ಲರ್ ಕಡಿಂದ ಇನ್ನೊಂದು ಡೂಪ್ಲಿಕೇಟ್ ತಗೊಂಡು ನಾ ಏನ್ ಮಾಡ್ಲಿ? ಜಗಳಾಡಿ ಪಿಕಪ್ ಹಾಕಸ್ದೆ. ಬಂದ ಹುಡುಗ, "ಅಕ್ಕಾರ, ಬಾಕ್ಸ್ ಮ್ಯಾಲಿನ ನಂಬರ್ ಸಿಸ್ಟಮ್ ತಗೋವಲ್ದ್ರಿ" ಅಂದ. ಎಲ್ಲಿಂದ ತಗೋತದ, ನಂಬರೇ ಖೊಟ್ಟಿ! ಅಂವ ಹೋದ ಮ್ಯಾಲ ಆ್ಯಪ್ ತಗದ್ರ 'ಗ್ರಾಹಕರು ಪಿಕಪ್ ಕ್ಯಾನ್ಸಲ್ ಮಾಡಿದ್ದಾರೆ' ಅಂತ ಬಂದದ. ಮಾಲೂ ಸುಳ್ಳು, ಮ್ಯಾಲ ನನ್ನ ಹೆಸರ ಮ್ಯಾಲ ಇದೊಂದು ಸುಳ್ಳು.

ಆಮ್ಯಾಲ ನಾ ರೂಲ್ಸ್ ಹುಡಕಿ ಓದ್ದೆ. 2020ರ ಇ-ಕಾಮರ್ಸ್ ನಿಯಮದಾಗ ಸಾಫ್ ಬರದಾರ, ಮಾಲು ನಕಲಿ ಇದ್ರ, ಕೆಟ್ಟಿದ್ರ ಸೆಲ್ಲರ್ ವಾಪಸ್ ತಗೊಳ್ಳಂಗಿಲ್ಲ ಅನ್ನಂಗಿಲ್ಲ. ಆ್ಯಪ್‌ನವರು ಕುಂದುಕೊರತೆ ಅಧಿಕಾರಿ ಹೆಸರು ಹಾಕಬೇಕು, ಕಂಪ್ಲೇಂಟ್ ಬಂದದ ಅಂತ 48 ತಾಸಿನಾಗ ಹೇಳಬೇಕು, ಒಂದು ತಿಂಗಳಾಗ ಬಗಿಹರಸಬೇಕು. ಇದನ್ನೇ ಬರದು ಅವರಿಗಿ ಮೇಲ್ ಹಾಕ್ದೆ, ಸರ್ಕಾರದ ಗ್ರಾಹಕರ ಸಹಾಯವಾಣಿ 1915ಕ್ಕೂ ಫೋನ್ ಮಾಡ್ದೆ (ಕನ್ನಡದಾಗೇ ಮಾತಾಡ್ತಾರ, ಅಂಜಬ್ಯಾಡ್ರಿ). ಚಾಟ್‌ನಾಗ ಆಗದಿದ್ದ ರಿಫಂಡ್ ಆಮ್ಯಾಲ ಬಂತು. ಬರದಿದ್ರ ಇಲ್ಲೇ ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗೋದಿತ್ತು, ಕಂಪನಿ ಆಫೀಸ್ ಎಲ್ಲೇ ಇರಲಿ ನಾವು ಇರೋ ಊರಾಗೇ ಕೇಸ್ ಹಾಕಬಹುದು, ಮಾಲಿಗಿ ಕೊಟ್ಟ ರೊಕ್ಕ 5 ಲಕ್ಷದ ತನಕ ಇದ್ರ ಫೀಸೂ ಇಲ್ಲ.

ಆ ಸೆಲ್ಲರ್ ಇನ್ನೂ ಅದೇ ಫೋಟೋ ಹಾಕ್ಕೊಂಡು ಮಾರ್ಲತ್ತಾನ. ನಾ ರಿಪೋರ್ಟ್ ಮಾಡೀನಿ, ಫೋಟೋ ಹಾಕಿ ರಿವ್ಯೂನೂ ಬರದೀನಿ, ಕಂಪನಿ ಅಂವನ್ನ ತಗದಿಲ್ಲ. ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಐದಕ್ಕ ಎರಡು. ಪಾರ್ಸೆಲ್ ಒಡೆಯೋ ಮುಂದ ಅಡ್ರೆಸ್ ಲೇಬಲ್ ಕಾಣಂಗ ವಿಡಿಯೋ ಮಾಡ್ಕೊಳ್ರಿ, ಬ್ರ್ಯಾಂಡ್ ಹೆಸರಿನ ಕೆಳಗ ಸಣ್ಣಾಗಿ ಇರೋ ಸೆಲ್ಲರ್ ಹೆಸರು ಓದ್ರಿ. ಚಾರ್ಜರ್, ಕುಕ್ಕರ್, ಕೂಲರ್ ಮೋಟರ್ ಇಂಥಾವು ನಾ ಈಗ ನಮ್ಮೂರ ಸೂಪರ್ ಮಾರ್ಕೆಟ್ ಬಜಾರದ ಅಂಗಡ್ಯಾಗೇ ಬಿಲ್ ಹಾಕಿಸಿ ತರ್ತೀನಿ, ನೂರು ಐವತ್ತು ಹೆಚ್ಚಾದ್ರೂ ಆತು.