ದೂರ ಸರಿ, ಹೊತ್ತು ತಪ್ಪು: ಮೂರು ವರ್ಷ ಬಳಸಿದ ದೂರ ಲೆಕ್ಕದ ಆ್ಯಪ್

ನಾನಿರುವುದು ಕೆನಡಾದ ಯೆಲ್ಲೋನೈಫ್‌ನಲ್ಲಿ. ಕೆಲಸದ ಮೇಲೆ ವರ್ಷಕ್ಕೆ ನಾಲ್ಕೈದು ಸಲ ಇನೂವಿಕ್‌ಗೆ ಹೋಗಿ ಬರುತ್ತೇನೆ. ಎರಡು ಊರಿನ ಹೆಸರು ಹಾಕಿದರೆ ದೂರ, ವಿಮಾನದ ಸಮಯ ಎರಡನ್ನೂ ಹೇಳುವ ಆ್ಯಪ್ ಒಂದು ಮೂರು ವರ್ಷದಿಂದ ಫೋನಿನಲ್ಲಿದೆ. ಅದರ ಹೆಸರು ಬೇಡ ಬಿಡಿ.

ದೂರದ ಬಗ್ಗೆ ತಕರಾರಿಲ್ಲ. 1,088 ಕಿ.ಮೀ. ತೋರಿಸುತ್ತದೆ. ಭೂಮಿಯ ಗುಂಡನೆಯ ಮೈಮೇಲೆ ಅತಿ ಹತ್ತಿರದ ದಾರಿ ಹಿಡಿದ ಲೆಕ್ಕ ಅದು. ಅಕ್ಷಾಂಶ, ರೇಖಾಂಶ ಹಾಕಿ ನಾನೇ ಲೆಕ್ಕ ಮಾಡಿ ನೋಡಿದೆ, ತಾಳೆಯಾಯಿತು. ಹಾಸನದಿಂದ ಅಮ್ಮ ಫೋನ್ ಮಾಡಿ "ಎಷ್ಟು ದೂರಾನೋ ಅದು?" ಅಂದಾಗ, ಬೆಂಗಳೂರಿಂದ ಭೋಪಾಲ್‌ಗೆ ಹೋದ ಹಾಗೆ ಅಂದೆ. ಯೆಲ್ಲೋನೈಫ್, ಇನೂವಿಕ್ ಎರಡೂ ಒಂದೇ ಆಡಳಿತ ಪ್ರದೇಶದ ಊರು ಅಂದಿದ್ದಕ್ಕೆ ನಕ್ಕುಬಿಟ್ಟರು.

ಎಡವಟ್ಟೆಲ್ಲ ಸಮಯದ್ದು. 1 ಗಂಟೆ 22 ನಿಮಿಷ ಅನ್ನುತ್ತದೆ. ಮೊದಲ ಸಲ ಇದನ್ನೇ ನಂಬಿ ಮಧ್ಯಾಹ್ನಕ್ಕೆ ಮೀಟಿಂಗ್ ಇಟ್ಟುಕೊಂಡು ಪೇಚಿಗೆ ಸಿಕ್ಕಿದೆ. ಆ್ಯಪ್ ಎಲ್ಲ ವಿಮಾನವೂ ಗಂಟೆಗೆ 800 ಕಿ.ಮೀ. ಹಾರುತ್ತದೆ ಅಂದುಕೊಂಡಿದೆ. ನನಗೆ ಸಿಕ್ಕಿದ್ದು ಎಟಿಆರ್ 42, ಪ್ರೊಪೆಲ್ಲರ್ ವಿಮಾನ. ಅದರ ವೇಗ 500ರ ಆಸುಪಾಸು. ಸಾಲದ್ದಕ್ಕೆ ದಾರಿಯಲ್ಲಿ ನಾರ್ಮನ್ ವೆಲ್ಸ್ ಅನ್ನುವ ಊರಿನಲ್ಲಿ ಇಳಿಯಿತು. ಮುಂದಿನ ಭಾಗದಲ್ಲಿ ಸಾಮಾನು, ಹಿಂದೆ ನಾವು. ಹತ್ತಿ ಇಳಿಯುವುದೂ ಬಾಲದ ಕಡೆಯಿಂದಲೇ. ಹೊರಗೆ ಮೈನಸ್ 34. ಬಾಗಿಲು ತೆರೆದ ಕೂಡಲೇ ಬಿಳಿ ಹಬೆ ನೆಲದ ಮೇಲೆ ಹರಿದು ಬಂದು ನನ್ನ ಶೂ ಮುಚ್ಚಿತು. ಟೊಮೇಟೊ ಪೆಟ್ಟಿಗೆಗಳ ಮೇಲೆ ಯಾರೋ ಕಂಬಳಿ ಹೊದಿಸಿದರು. ನಮಗಿಂತ ಅವಕ್ಕೇ ಜಾಸ್ತಿ ಉಪಚಾರ!

ತಮಾಷೆ ಏನೆಂದರೆ, ನಾರ್ಮನ್ ವೆಲ್ಸ್ ಸುತ್ತಿ ಹೋದರೆ ಜಾಸ್ತಿಯಾಗುವುದು ಬರೀ 37 ಕಿ.ಮೀ. ಮೊದಲು 680, ಆಮೇಲೆ 445. ಹೊತ್ತು ತಿನ್ನುವುದು ದೂರವಲ್ಲ, ಇಳಿಯುವುದು, ಸಾಮಾನು ತೆಗೆಯುವುದು, ಮತ್ತೆ ಏರುವುದು. ಹಾಗಾಗಿ ಈಗ ಎರಡು ತುಂಡನ್ನೂ ಬೇರೆ ಬೇರೆ ಹಾಕಿ, 500ರಿಂದ ಭಾಗಿಸಿ, ಮೇಲೆ ಒಂದು ಗಂಟೆ ಸೇರಿಸಿಕೊಳ್ಳುತ್ತೇನೆ. ಮೂರೂಕಾಲು ಗಂಟೆ ಬರುತ್ತದೆ. ಹೆಚ್ಚಿನ ಸಲ ಹತ್ತು ಹದಿನೈದು ನಿಮಿಷದ ಫರಕು, ಅಷ್ಟೇ. ಎದುರುಗಾಳಿ ಇದ್ದ ದಿನ ಇನ್ನೂ ಸ್ವಲ್ಪ.

ಹೋದ ವರ್ಷದ ಅಪ್‌ಡೇಟ್‌ನಲ್ಲಿ ನಡುವಿನ ನಿಲ್ದಾಣ ಸೇರಿಸುವ ಸೌಲಭ್ಯ ಬಂತು. ಒಳ್ಳೆಯದೇ. ಆದರೆ ವೇಗ ಬದಲಿಸಲು ಈಗಲೂ ಬಿಡುವುದಿಲ್ಲ. ಇಷ್ಟೂ ಮಾಡದಿದ್ದರೆ ಹೇಗೆ?

ರಸ್ತೆಯ ಬಟನ್ ಒಂದಿದೆ, ಸುಮ್ನೆ ಒಮ್ಮೆ ಒತ್ತಿ ನೋಡಿ. ಬ್ರಿಟಿಷ್ ಕೊಲಂಬಿಯಾ, ಯೂಕಾನ್ ಸುತ್ತಿಸಿ 3,000 ಕಿ.ಮೀ. ದಾಟಿಸುತ್ತದೆ. ಕೊನೆಗೆ ಸಿಗುವ ಡೆಂಪ್‌ಸ್ಟರ್ ಹೆದ್ದಾರಿಯಲ್ಲಿ ಪೀಲ್, ಮೆಕೆಂಜಿ ಎರಡೂ ನದಿಗಳಿಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ಫೆರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೇ ದಾರಿ. ನೀರು ಹೆಪ್ಪುಗಟ್ಟುವಾಗ, ಕರಗುವಾಗ ಎರಡೂ ಇಲ್ಲ. ಆ್ಯಪ್‌ಗೆ ಇದರ ಪರಿವೆಯೇ ಇಲ್ಲ, ಮೇ ತಿಂಗಳಲ್ಲೂ ಹಸಿರು ಗೆರೆ ಎಳೆದು "ಹೊರಡಿ" ಅನ್ನುತ್ತದೆ.

ಐದಕ್ಕೆ ಮೂರು ಸ್ಟಾರ್. ದುಡ್ಡು ಕೊಟ್ಟು ತೆಗೆದುಕೊಂಡರೆ ಜಾಹೀರಾತು ಹೋಗುತ್ತದೆ, ಬೇರೇನೂ ಬದಲಾಗುವುದಿಲ್ಲ. ಉಚಿತದ್ದೇ ಸಾಕು.