ಕರೆಂಟ್ ಹೋದರೂ ಮುಚ್ಚದ ಕಿಟಕಿ: ಎಕ್ಸ್‌ಪ್ರಾ ಜೊತೆ ನಾಲ್ಕು ಮಳೆಗಾಲ

ಅಡಿಕೆ ತೋಟಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಅದಕ್ಕೆ ಬಳಸುವ ತಂತ್ರಾಂಶ ಕ್ಯೂಜಿಐಎಸ್ ಓಡುವುದು ಬೆಂಗಳೂರಿನ ಲಿನಕ್ಸ್ ಯಂತ್ರದಲ್ಲಿ. ಅದರ ಕಿಟಕಿಯನ್ನು ಎಕ್ಸ್‌ಪ್ರಾ ಎಂಬ ತಂತ್ರಾಂಶ ತೀರ್ಥಹಳ್ಳಿಯ ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದೆ. ಪುನರ್ವಸು ಮಳೆ ಹಿಡಿಯಿತೆಂದರೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ.

ಮೊದಲ ವರ್ಷ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಜೋಡಿಸುವ ಎಸ್‌ಎಸ್‌ಎಚ್ ಮೂಲಕವೇ ಎಕ್ಸ್11 (ಲಿನಕ್ಸ್‌ನಲ್ಲಿ ಪರದೆಯ ಮೇಲೆ ಕಿಟಕಿ ಮೂಡಿಸುವ ವ್ಯವಸ್ಥೆ) ಕಿಟಕಿಗಳನ್ನು ತರಿಸಿಕೊಳ್ಳುತ್ತಿದ್ದೆ. 1987ರಲ್ಲಿ ಬಂದ ಎಕ್ಸ್11 ಇವತ್ತಿಗೂ ದೂರದ ಪ್ರೋಗ್ರಾಮನ್ನು ನಮ್ಮ ಪರದೆಗೆ ತಂದು ನಿಲ್ಲಿಸುತ್ತದೆ ಎಂಬುದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಪ್ರೋಗ್ರಾಂ ಮತ್ತು ಪರದೆಯ ನಡುವೆ ಸಣ್ಣ ಸಣ್ಣ ಪ್ರಶ್ನೋತ್ತರಗಳು ನಡೆಯುತ್ತಲೇ ಇರುತ್ತವೆ. ಒಂದೇ ಕಟ್ಟಡದ ಜಾಲದಲ್ಲಿ ಅದು ತಿಳಿಯುವುದಿಲ್ಲ. ಘಟ್ಟದ ಊರಿನಿಂದ ಒಂದೊಂದು ಉತ್ತರಕ್ಕೂ ಕಾಯಬೇಕು, ಮೆನು ತೆರೆಯುವುದನ್ನೇ ನೋಡುತ್ತಾ ಕೂರಬೇಕು. ಸಂಪರ್ಕ ಕಡಿದರಂತೂ ಪ್ರೋಗ್ರಾಮೇ ಸತ್ತುಹೋಗುತ್ತದೆ. ಅರ್ಧ ದಿನ ಕೂತು ಎಳೆದ ತೋಟದ ಗಡಿಗಳು ಹಾಗೆ ಕೊಚ್ಚಿಹೋದ ಸಂಜೆ ನಾನು ಎಕ್ಸ್‌ಪ್ರಾ ಹಾಕಿಕೊಂಡೆ.

ಎಕ್ಸ್‌ಪ್ರಾ ಆ ಮಾತುಕತೆಯನ್ನೆಲ್ಲ ಬೆಂಗಳೂರಿನಲ್ಲೇ ಮುಗಿಸುತ್ತದೆ. ಅಲ್ಲೊಂದು ಕಾಣದ ಪರದೆಯನ್ನು ನಿಲ್ಲಿಸಿ, ಕಿಟಕಿಯಲ್ಲಿ ಬದಲಾದ ಭಾಗದ ಚಿತ್ರವನ್ನಷ್ಟೇ ಹಿಂಡಿ ಇಲ್ಲಿಗೆ ಕಳುಹಿಸುತ್ತದೆ. ರೂಟರ್ ಆರಿದರೂ ಪ್ರೋಗ್ರಾಂ ಅಲ್ಲಿ ಬದುಕಿರುತ್ತದೆ. ಮತ್ತೆ ಜೋಡಿಸಿದರೆ ಅದೇ ಪದರ, ಅದೇ ಅರ್ಧ ಎಳೆದ ಗೆರೆ. ಕಳೆದ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕತ್ತಲಾಗಿದ್ದಾಗಲೂ ಒಂದು ಗೆರೆ ಹೋಗಲಿಲ್ಲ.

ಕೊರತೆಗಳಿವೆ. ಗೆರೆ ವೇಗವಾಗಿ ಚಲಿಸುವಾಗ ಚಿತ್ರ ಕ್ಷಣಕಾಲ ಮಸುಕಾಗುತ್ತದೆ. ಎರಡು ತುದಿಯ ಆವೃತ್ತಿಗಳ ನಡುವೆ ಬಹಳ ಅಂತರವಿದ್ದರೆ ತಕರಾರು ಶುರು. ನನ್ನನ್ನು ಹೆಚ್ಚು ಕಾಡಿದ್ದು ಕನ್ನಡ. ಊರಿನ ಹೆಸರುಗಳೆಲ್ಲ ಚೌಕಗಳಾಗಿ ಕಂಡವು: ಅಕ್ಷರ ಮೂಡುವುದು ದೂರದ ಯಂತ್ರದಲ್ಲಾದ್ದರಿಂದ ನೋಟೋ ಕನ್ನಡ ಫಾಂಟ್ ಅಲ್ಲೇ ಇರಬೇಕು. ಲ್ಯಾಪ್‌ಟಾಪ್‌ನ ಕನ್ನಡ ಕೀಲಿಮಣೆಯೂ ಆ ಕಿಟಕಿಯೊಳಗೆ ಸರಿಯಾಗಿ ಮೂಡಲಿಲ್ಲ. ಇವತ್ತಿಗೂ ಹೆಸರುಗಳನ್ನು ಇಲ್ಲೇ ಬೆರಳಚ್ಚಿಸಿ ಅಲ್ಲಿಗೆ ಅಂಟಿಸುತ್ತೇನೆ. ಇದಕ್ಕೊಂದು ನೇರ ದಾರಿ ಬೇಕೇ ಬೇಕು.

ಶಿವಮೊಗ್ಗ ನಗರದಲ್ಲಿ ಗಟ್ಟಿ ಫೈಬರ್ ಸಂಪರ್ಕವಿದ್ದು, ಚಿಕ್ಕದೊಂದು ಸಾಧನವನ್ನು ಐದು ನಿಮಿಷ ತೆರೆಯುವುದಷ್ಟೇ ಇದ್ದರೆ ಎಸ್‌ಎಸ್‌ಎಚ್ ಸಾಕು. ಆಗುಂಬೆಯ ಕಡೆಯವರು, ಹೊಸನಗರದವರು ಎಕ್ಸ್‌ಪ್ರಾವನ್ನು ಮಳೆ ಶುರುವಾಗುವ ಮೊದಲೇ ಹಾಕಿಕೊಳ್ಳಿ.